ಡಿಫೆಂಡರ್‌ಗೆ ಎದುರಾಳಿ ಬೇಕು

ಕಲಬುರಗಿಯ ಖೂಬಾ ಪ್ಲಾಟಿನ ಹುಡುಗನೊಬ್ಬ ಭಾರತ ಹಾಕಿ ತಂಡದ ಡಿಫೆಂಡರ್ ಆಗಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ಓಣಿಯಲ್ಲಿ ಕೇಳಿ ನೋಡಿ. ಕ್ರಿಕೆಟ್ ಕೋಚಿಂಗ್ ಎಲ್ಲಿದೆ, ಫೀಸು ಎಷ್ಟು ಎಂದು ಹತ್ತು ಮಂದಿ ಹೇಳುತ್ತಾರೆ. ಹಾಕಿ ಎಂದರೆ ಒಂದೇ ಮಾತು: ‘ಅದು ಕೊಡಗಿನವರ ಆಟ ಬಿಡ್ರಿ.’

ಕೊಡಗಿನವರ ಆಟ ನಿಜ. ಆದರೆ ಅದು ಅವರದಾದದ್ದು ಹೇಗೆ ಎಂಬುದನ್ನು ನಾವು ಕಲಬುರಗಿಯವರು ಕಲಿತುಕೊಂಡರೆ ‘ಬಿಡ್ರಿ’ ಅನ್ನುವ ಮಾತೇ ಹೋಗುತ್ತದೆ. ಅದಕ್ಕೆ ಭಾರತ ತಂಡದ ಡಿಫೆಂಡರ್ ಆಗಿದ್ದ ವಿ.ಆರ್. ರಘುನಾಥ್ ಅವರ ಆಟದ ಬದುಕಿಗಿಂತ ಒಳ್ಳೆಯ ಪಾಠ ನನಗೆ ಕಾಣುವುದಿಲ್ಲ.

1988ರಲ್ಲಿ ಹುಟ್ಟಿದ ಕೊಡಗಿನ ಈ ಹುಡುಗ ಹದಿನೇಳು ತುಂಬುವ ಮೊದಲೇ, 2005ರಲ್ಲಿ, ಭಾರತದ ಹಿರಿಯರ ತಂಡಕ್ಕೆ ಬಂದರು. 2007ರ ಏಷ್ಯಾ ಕಪ್ ಫೈನಲ್‌ನಲ್ಲಿ ಚೆನ್ನೈನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7–2ರಿಂದ ಸೋಲಿಸಿದಾಗ ಅವರು ತಂಡದಲ್ಲಿದ್ದರು. ಮರುವರ್ಷವೇ ಭಾರತೀಯ ಹಾಕಿ ನೆಲಕಚ್ಚಿತು: ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ನಿಗೆ ಸೋತು ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆಯನ್ನೇ ಪಡೆಯಲಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ರಘುನಾಥ್ ಆಡಿದರು. ತಂಡ ಒಂದೂ ಪಂದ್ಯ ಗೆಲ್ಲದೆ ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನಕ್ಕೆ ಇಳಿಯಿತು.

ಅಲ್ಲಿಗೇ ಮುಗಿದಿದ್ದರೆ ಇಂದು ಅವರ ಬಗ್ಗೆ ಬರೆಯುವ ಅಗತ್ಯ ಇರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಹಾಕಿ ಇಂಡಿಯಾ ಲೀಗಿನ ಮೊದಲ ಹರಾಜು ನಡೆದಾಗ ಉತ್ತರ ಪ್ರದೇಶ ವಿಜಾರ್ಡ್ಸ್ ತಂಡ ಅವರನ್ನು 76,000 ಡಾಲರ್‌ಗೆ ಕೊಂಡಿತು. ಸರ್ದಾರ್ ಸಿಂಗ್‌ಗೆ ಸಿಕ್ಕಿದ್ದು 78,000. ದೇಶದ ಅತಿ ದುಬಾರಿ ಆಟಗಾರನಿಗೂ ಒಬ್ಬ ಫುಲ್‌ಬ್ಯಾಕ್‌ಗೂ ನಡುವಿನ ಅಂತರ ಎರಡೇ ಸಾವಿರ ಡಾಲರ್! 2013ರಲ್ಲಿ ಇಪೊದ ಏಷ್ಯಾ ಕಪ್ಪಿನಲ್ಲಿ ಬೆಳ್ಳಿ, 2016ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತಕ್ಕೆ ಮೊದಲ ಬಾರಿ ಬೆಳ್ಳಿ, ಅದೇ ವರ್ಷ ರಿಯೊ ಒಲಿಂಪಿಕ್ಸ್, ಅರ್ಜುನ ಪ್ರಶಸ್ತಿ. ಇನ್ನೂರಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯ, ನೂರಕ್ಕೂ ಹೆಚ್ಚು ಗೋಲು.

ಹಿಂದೆ ನಿಂತು ಆಡುವವನಿಗೆ ನೂರು ಗೋಲು ಬಂದದ್ದು ಎಲ್ಲಿಂದ? ಪೆನಾಲ್ಟಿ ಕಾರ್ನರ್‌ನಿಂದ. ಗೋಲು ಕಂಬದಿಂದ ಹತ್ತು ಮೀಟರ್ ದೂರದಲ್ಲಿ ನಿಂತವನು ಚೆಂಡನ್ನು ಮೈದಾನದೊಳಗೆ ತಳ್ಳುತ್ತಾನೆ, ಗೋಲಿನ ಮುಂದಿನ ವೃತ್ತದ ಹೊರಗೆ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಹೊಡೆಯುತ್ತಾನೆ. ನೇರ ಹೊಡೆತವಾದರೆ ಚೆಂಡು ಗೋಲಿನ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ಮೀರಬಾರದು. ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎಳೆದು ಎಸೆದರೆ ಆ ಮಿತಿ ಇಲ್ಲ. ಡ್ರ್ಯಾಗ್ ಫ್ಲಿಕ್ ಹುಟ್ಟಿದ್ದೇ ಈ ನಿಯಮದ ಸಂದಿಯಲ್ಲಿ. ಗಟ್ಟಿ ಸೊಂಟ, ಉದ್ದ ತೋಳು, ಸಾವಿರಾರು ಸಲದ ಅಭ್ಯಾಸ ಬೇಡುವ ಈ ಕೆಲಸವನ್ನು ಜಗತ್ತಿನ ಬಹಳಷ್ಟು ತಂಡಗಳಲ್ಲಿ ಡಿಫೆಂಡರ್‌ಗಳೇ ಮಾಡುತ್ತಾರೆ.

ಗೋಲಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ಡಿಫೆಂಡರ್‌ನ ನಿಜವಾದ ದುಡಿಮೆ ಮಾತ್ರ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಎದುರಿನವನು ಎಡಕ್ಕೆ ಹೊರಳುತ್ತಾನೋ ಬಲಕ್ಕೋ ಎಂದು ಅವನ ಭುಜ ನೋಡಿ ಅಂದಾಜು ಮಾಡಬೇಕು. ಸ್ಟಿಕ್ ಚಾಚುವ ಕ್ಷಣ ತುಸು ಮೊದಲಾದರೆ ಅವನು ದಾಟಿ ಹೋಗುತ್ತಾನೆ, ತುಸು ತಡವಾದರೆ ಫೌಲ್. ಹಸಿರು ಕಾರ್ಡು ಬಂದರೆ ಎರಡು ನಿಮಿಷ ಹೊರಗೆ, ತಂಡಕ್ಕೆ ಒಬ್ಬ ಕಡಿಮೆ. 

ಇಲ್ಲಿಯೇ ನನ್ನ ಮುಖ್ಯ ಮಾತು ಇದೆ. ಮುಂಚೂಣಿಯ ಆಟಗಾರ ಒಬ್ಬನೇ ಓಣಿಯಲ್ಲಿ ಚೆಂಡು ಉರುಳಿಸಿಕೊಂಡು ಕಲಿಯಬಲ್ಲ. ಗೋಡೆಗೆ ಹೊಡೆದು ಗುರಿ ಪಳಗಿಸಿಕೊಳ್ಳಬಲ್ಲ. ತಡೆಯುವ ಕಲೆಯನ್ನು ಒಬ್ಬನೇ ಕಲಿಯಲು ಸಾಧ್ಯವೇ ಇಲ್ಲ. ಅದಕ್ಕೆ ಎದುರಾಳಿ ಬೇಕು. ಒಬ್ಬನಲ್ಲ, ವಾರವಾರವೂ ಹೊಸಬ, ಹೊಸ ಚಾಲಾಕಿಯವನು ಬೇಕು. ಎಲ್ಲಿ ಪಂದ್ಯಗಳು ದಂಡಿಯಾಗಿ ನಡೆಯುತ್ತವೋ ಅಲ್ಲಿ ಮಾತ್ರ ಡಿಫೆಂಡರ್ ಹುಟ್ಟುತ್ತಾನೆ.

ಕೊಡಗು ಮಾಡಿದ್ದು ಅದನ್ನೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ ಬಂದದ್ದು 360. ಅದು ಗಿನ್ನೆಸ್ ದಾಖಲೆಯೂ ಆಯಿತು. ಪ್ರತಿವರ್ಷ ಒಂದೊಂದು ಕುಟುಂಬ ಆತಿಥ್ಯದ ಹೊಣೆ ಹೊರುತ್ತದೆ. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುತ್ತಾರೆ. ಇದರಲ್ಲಿ ರಕ್ತದ ಮಹಿಮೆ ಹುಡುಕಬೇಕಿಲ್ಲ, ಪಂದ್ಯಗಳನ್ನು ಎಣಿಸಿದರೆ ಸಾಕು. ನಮ್ಮ ಉತ್ತರ ಕರ್ನಾಟಕದಲ್ಲೇ ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಯ ಸೆಟಲ್‌ಮೆಂಟ್ ಬಡಾವಣೆಗಳು ಬಡತನದ ನಡುವೆಯೂ ಹಾಕಿ ಬೆಳೆಸಿದವು. ಅಲ್ಲಿ ಕಾಫಿ ತೋಟವಿಲ್ಲ, ತಂಪು ಗಾಳಿಯಿಲ್ಲ; ಆಡುವ ಜನ ಇದ್ದರು, ಅಷ್ಟೇ.

ಇನ್ನೂ ದೂರದ ಸಾಕ್ಷಿ ಬೇಕೆಂದರೆ ಲಡಾಖ್ ನೋಡಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ವರ್ಷಕ್ಕೆ ಕೆಲವೇ ವಾರ ಆಡಿ ಬೆಳೆದ ಹುಡುಗಿಯರೇ ಹೆಚ್ಚಾಗಿದ್ದ ಭಾರತದ ಮಹಿಳಾ ಐಸ್ ಹಾಕಿ ತಂಡ 2025ರ ಏಷ್ಯಾ ಕಪ್ಪಿನಲ್ಲಿ ಕಂಚು ಗೆದ್ದಿತು. ಆಡಿ ಬೆಳೆದವರಿಗೆ ಮುಂದೆ ಸಂಬಳ ಕೊಡುವ ತಂಡಗಳೂ ಬೇಕು. ಕೆನಡಾ, ಅಮೆರಿಕದಲ್ಲಿ ಐಸ್ ಹಾಕಿಯ ಡಿಫೆಂಡರ್ ನೇರವಾಗಿ ಅಲ್ಲಿನ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನ 32 ತಂಡಗಳಿಗೆ ಹಾರುವುದು ಅಪರೂಪ. ಬಹುತೇಕರು ಅದರ ಕೆಳಗಿನ ಲೀಗುಗಳಲ್ಲಿ, ಸಣ್ಣ ಪಟ್ಟಣಗಳ ತಂಡಗಳಲ್ಲಿ, ಕೆಲವರು ಜರ್ಮನಿ, ಸ್ವೀಡನ್ನಿಗೆ ಹೋಗಿ ಸಂಬಳಕ್ಕೆ ಆಡುತ್ತ ಪಳಗುತ್ತಾರೆ. ನಮ್ಮ ದೇಶದ ಹಾಕಿಯಲ್ಲಿ ಆ ಕೆಲಸವನ್ನು ಸೇನೆ, ರೈಲ್ವೆ, ತೈಲ ಕಂಪನಿ, ಬ್ಯಾಂಕುಗಳ ತಂಡಗಳು ಮಾಡಿವೆ. ರಘುನಾಥ್ ಇಂಡಿಯನ್ ಆಯಿಲ್ ಉದ್ಯೋಗಿಯಾಗಿ ಆಡಿದವರು. ಕೆನರಾ ಬ್ಯಾಂಕ್ ತಂಡ ರಾಜ್ಯದ ಎಷ್ಟೋ ಹುಡುಗರಿಗೆ ಅನ್ನ ಕೊಟ್ಟಿದೆ. ಮಗ ಆಡಿದರೆ ನೌಕರಿ ಸಿಗಬಹುದು ಎಂದು ಗೊತ್ತಾದ ಮೇಲೆಯೇ ತಾಯಿ-ತಂದೆ ಸ್ಟಿಕ್ ಕೊಡಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಈಗ ನಮ್ಮೂರಿಗೆ ಬರೋಣ. ಕಲಬುರಗಿ ಏಳು ಜಿಲ್ಲೆಗಳ ವಿಭಾಗ ಕೇಂದ್ರ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಇಲ್ಲಿಯೇ ಇದೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿದೆ, ನೂತನ ವಿದ್ಯಾಲಯದ ಮೈದಾನವಿದೆ, ಓಣಿಗೊಂದು ಶಾಲೆಯಿದೆ. ಆದರೂ ಕ್ರೀಡೆ ಎಂದ ಕೂಡಲೇ ನಾವು ಕೇಳುವುದು ಕಟ್ಟಡ. ಶಂಕುಸ್ಥಾಪನೆಗೆ ಚಪ್ಪಾಳೆ ಹೊಡೆಯುತ್ತೇವೆ. ಅದೇ ಮೈದಾನದಲ್ಲಿ ವರ್ಷಕ್ಕೆ ಎಷ್ಟು ಪಂದ್ಯ ನಡೆದವು ಎಂದು ಕೇಳುವುದಿಲ್ಲ.

ನೀರು ಚಿಮುಕಿಸಿ ಆಡುವ ಅಂತರರಾಷ್ಟ್ರೀಯ ಮಟ್ಟದ ಟರ್ಫ್ ಮುಂದೊಂದು ದಿನ ಬೇಕೇ ಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಹಾಕಿ ಕೃತಕ ಹಾಸಿನ ಆಟವಾಯಿತು, ಅಂದು ಅದರ ಅಭ್ಯಾಸವಿಲ್ಲದ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಆದರೆ ನಲವತ್ತು ಡಿಗ್ರಿ ದಾಟುವ ಬ್ಯಾಸಗಿಯಲ್ಲಿ, ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಲ್ಲಿ, ಅದನ್ನೇ ಮೊದಲ ಮೆಟ್ಟಿಲು ಮಾಡಿಕೊಂಡರೆ ಇನ್ನೊಂದು ತಲೆಮಾರು ಕೈತಪ್ಪುತ್ತದೆ. ನಮ್ಮದು ಎರೆ ನೆಲ. ಬ್ಯಾಸಗಿಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲು ಹೂಳುತ್ತದೆ. ಅದರ ಮೇಲೆ ಮುರುಮ್ ಹಾಕಿಸಿ, ರೋಲರ್ ಹೊಡೆಸಿ, ನಾಲ್ಕು ದೀಪದ ಕಂಬ ನಿಲ್ಲಿಸಿದರೆ ಸಂಜೆಯ ಆಟಕ್ಕೆ ಮೈದಾನ ಸಿದ್ಧ. ತಂಡಕ್ಕೆ ಐವರೇ ಇರುವ ‘ಹಾಕಿ ಫೈವ್ಸ್’ ಆಟಕ್ಕೆ ದೊಡ್ಡ ಮೈದಾನವೂ ಬೇಡ. ಅದರ ಮೊದಲ ವಿಶ್ವಕಪ್ 2024ರಲ್ಲಿ ಮಸ್ಕತ್‌ನಲ್ಲಿ ನಡೆಯಿತು, ನಮ್ಮ ಮಹಿಳೆಯರು ಫೈನಲ್ ತಲುಪಿ ಬೆಳ್ಳಿ ತಂದರು.

ಹಾಗಾಗಿ ನಾಗರಿಕನಾಗಿ ನನ್ನ ಬೇಡಿಕೆಗಳು ಮೂರು. ಒಂದು, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮೈದಾನಗಳನ್ನು ಸಂಜೆ ಎರಡು ಗಂಟೆ ಓಣಿಯ ಮಕ್ಕಳಿಗೆ ತೆರೆಯಬೇಕು. ಖಾಲಿ ಇರುವ ದೈಹಿಕ ಶಿಕ್ಷಕರ ಹುದ್ದೆ ತುಂಬಬೇಕು. ಎರಡು, ಕಲಬುರಗಿಯ ಬಡಾವಣೆಗಳು ಮತ್ತು ತಾಲ್ಲೂಕುಗಳ ನಡುವೆ ಹುಡುಗ-ಹುಡುಗಿಯರ ವಾರದ ಲೀಗ್ ನಡೆಯಬೇಕು. ಖೂಬಾ ಪ್ಲಾಟಿನ ತಂಡ ಒಂದು ಭಾನುವಾರ ಕೆಂಪು ಬಾಳೆಯ ಕಮಲಾಪುರಕ್ಕೆ ಹೋಗಿ ಆಡಲಿ, ಮುಂದಿನ ಭಾನುವಾರ ಅವರು ಇಲ್ಲಿಗೆ ಬರಲಿ. ಮೂರು, ಮಂಡಳಿ ಕ್ರೀಡೆಗೆ ಕೊಡುವ ಹಣದಲ್ಲಿ ಒಂದು ಪಾಲು ಪಂದ್ಯಗಳಿಗೆ, ಅಂದರೆ ಬಸ್ಸಿನ ಖರ್ಚು, ಚೆಂಡು, ಸ್ಟಿಕ್ಕು, ಅಂಪೈರ್ ಭತ್ಯೆಗೆ ಮೀಸಲಾಗಲಿ.

ಇದರಲ್ಲಿ ಒಂದಕ್ಕೂ ಹೊಸ ಕಾನೂನು ಬೇಕಿಲ್ಲ. ಬಡಾವಣೆಯ ಸಂಘಗಳು ತಂಡ ಕಟ್ಟಿ, ಹೆಸರು ಬರೆದು, ಕ್ರೀಡಾ ಇಲಾಖೆಯ ಮುಂದೆ ಪಟ್ಟಿ ಇಡಬೇಕು, ಅಷ್ಟೇ. ನಮ್ಮ ಓಣಿಯಿಂದ ಆ ಕೆಲಸ ಶುರುವಾಗಲಿ. ಹೆಸರು ಕೊಡುವ ಹುಡುಗ-ಹುಡುಗಿಯರಲ್ಲಿ ಯಾರಾದರೂ ‘ನಾನು ಹಿಂದ ನಿಂತು ಆಡ್ತೀನ್ರಿ’ ಅಂದರೆ ಅವರ ಹೆಸರನ್ನೇ ಮೊದಲು ಬರೆದುಕೊಳ್ಳಿ. ತಂಡ ಕಟ್ಟುವುದು ಅಲ್ಲಿಂದಲೇ.