ಮನೆ ವೈಫೈ ಭಾಗ 4: ಬೀಗ ಎರಡು, ನಾವು ಹಾಕೋದು ಒಂದೇ

ಕನೆಕ್ಷನ್ ಕೊಡೋಕೆ ಬಂದವರು ವೈಫೈಗೆ ಹೆಸರು, ಪಾಸ್‌ವರ್ಡ್ ಹಾಕಿಕೊಟ್ರೆ ಕೆಲಸ ಮುಗೀತು ಅಂದ್ಕೋತೀವಿ. ನನ್ನ ಪ್ರಕಾರ ಅರ್ಧ ಕೆಲಸ ಬಾಕಿ ಇದೆ.

ರೂಟರ್‌ಗೆ ಪಾಸ್‌ವರ್ಡ್ ಎರಡು. ಒಂದು ವೈಫೈಗೆ ಸೇರೋಕೆ, ಇನ್ನೊಂದು ರೂಟರ್‌ನ ಸೆಟ್ಟಿಂಗ್ಸ್ ಒಳಗೆ ಹೋಗೋಕೆ. ಎರಡನೇದು ಎಷ್ಟೋ ಮನೆಗಳಲ್ಲಿ ಇವತ್ತಿಗೂ ‘ಅಡ್ಮಿನ್’ ಅಂತಲೇ ಇರುತ್ತೆ. ಅದರೊಳಗೆ ಹೋದವರು ಡಿಎನ್‌ಎಸ್ ಬದಲಾಯಿಸಿದ್ರೆ, ನೀವು ಸರಿಯಾದ ವಿಳಾಸ ಟೈಪ್ ಮಾಡಿದ್ರೂ ನಕಲಿ ಪುಟ ತೆರೆಯಬಹುದು.

“ನಮ್ಮನೇಲಿ ಕದಿಯೋಕೆ ಏನಿದೆ?” ಅನ್ಬೇಡಿ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್, ಕಂಪನಿ ಇಟ್ಟ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನ ಹಿಡಿದು, ಅವುಗಳಿಂದಲೇ ಬೇರೆಯವರ ಮೇಲೆ ದಾಳಿ ಮಾಡಿಸ್ತು. ನಮ್ಮನೆ ಡಬ್ಬಿ ಇನ್ನೊಬ್ಬರಿಗೆ ತೊಂದರೆ ಕೊಡೋದೂ ತಪ್ಪೇ ಅಲ್ವಾ?

ರೂಟರ್ ಕೆಳಗಿನ ಸ್ಟಿಕ್ಕರ್ ನೋಡಿ. ಅಲ್ಲಿರೋ ವಿಳಾಸ (ಹೆಚ್ಚಾಗಿ 192.168.1.1 ಥರ) ಬ್ರೌಸರ್‌ನಲ್ಲಿ ಹಾಕಿ, ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಹಾಗೇ ಡಬ್ಲ್ಯೂಪಿಎಸ್ ಆಫ್ ಮಾಡಿ. ಹೊಸ ಪಾಸ್‌ವರ್ಡ್ ಡೈರೀಲಿ ಬರೆದಿಡಿ, ರೂಟರ್ ಮೇಲೆ ಅಂಟಿಸ್ಬೇಡಿ.

ಇದನ್ನ ಕನೆಕ್ಷನ್ ಕೊಡೋ ಕಂಪನಿಗಳೇ ಮಾಡಿಸಿ ಹೋಗ್ಬೇಕು. ಅಲ್ಲೀವರೆಗೂ ಮನೇಲಿ ಫೋನ್ ಬಗ್ಗೆ ಗೊತ್ತಿರೋ ನಾವೇ ಮಾಡ್ಬೇಕು. ಈ ಭಾನುವಾರ ಮಾಡಿ, ಅಜ್ಜಿ ಮನೇದೂ ಸೇರಿಸಿ.

#ಮನೆವೈಫೈ #ಕನ್ನಡದಲ್ಲಿಟೆಕ್