ರಕ್ತದ ಬಿರಡೆ

ಕಾಲಿನ ಸಿರೆಯಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಕಳಚಿಕೊಂಡು ಹರಿದು, ಶ್ವಾಸಕೋಶದ ನಾಳದಲ್ಲಿ ಸಿಲುಕಿ ಅದನ್ನು ಮುಚ್ಚಿಬಿಡುವುದುಂಟು. ವೈದ್ಯರು ಇದನ್ನು ‘ಪಲ್ಮನರಿ ಎಂಬಾಲಿಸಮ್’ ಎನ್ನುತ್ತಾರೆ. ಮನೆಯವರು ತಲೆದೂಗುತ್ತಾರೆ, ಅರ್ಥವಾಗಿರುವುದಿಲ್ಲ.

ಮೂಲದಲ್ಲಿ ಇದು ಕಠಿಣವಾದ ಪದವೇ ಅಲ್ಲ. ಗ್ರೀಕಿನ ‘ಎಂಬೊಲೋಸ್’ ಎಂದರೆ ಒಳಗೆ ತುರುಕಿದ ಬೆಣೆ ಅಥವಾ ಬಿರಡೆ. ಜೊತೆಯ ಪದವಾದ ‘ಥ್ರಾಂಬೋಸ್’ ಗಟ್ಟಿಯಾದ ಮುದ್ದೆ; ಹೆಪ್ಪುಗಟ್ಟಿದ ಹಾಲಿಗೂ ಅದೇ ಮಾತು, ನಮ್ಮ ಕನ್ನಡದ ‘ಹೆಪ್ಪು’ ಇರುವಂತೆಯೇ. ಶ್ವಾಸಕೋಶದಲ್ಲಿ ಕಾಣುವ ಗಡ್ಡೆ ದೂರದ ಸಿರೆಯಿಂದ ಹರಿದು ಬಂದದ್ದಿರಬಹುದೆಂದು ಜರ್ಮನಿಯ ರುಡಾಲ್ಫ್ ವಿರ್ಕೋ 1840ರ ದಶಕದಲ್ಲಿ ತೋರಿಸಿಕೊಟ್ಟು, ಈ ಪದಗಳಿಗೆ ಇಂದಿನ ವೈದ್ಯಕೀಯ ಅರ್ಥವನ್ನು ನೆಲೆಗೊಳಿಸಿದರು. ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ‘ಎಂಬಾಲಿಸಮ್’ ಎಂಬುದು ಪಂಚಾಂಗದ ಮಾತಾಗಿತ್ತು. ವರ್ಷದ ನಡುವೆ ದಿನಗಳನ್ನೋ ಅಧಿಕ ಮಾಸವನ್ನೋ ಸೇರಿಸುವುದಕ್ಕೆ ಆ ಹೆಸರು!

ಫ್ರೆಂಚ್, ಜರ್ಮನ್, ಇಟಾಲಿಯನ್, ರಷ್ಯನ್ ಭಾಷೆಗಳು ಗ್ರೀಕ್ ಪದವನ್ನೇ ಅಲ್ಪಸ್ವಲ್ಪ ಬದಲಿಸಿ ಬಳಸುತ್ತವೆ. ಸ್ವೀಡನ್ನಿನ ಜನಸಾಮಾನ್ಯರಾದರೋ ‘ಬ್ಲೂದ್‌ಪ್ರೊಪ್’ ಎನ್ನುತ್ತಾರೆ, ಅಂದರೆ ರಕ್ತದ ಬಿರಡೆ. ಫಿನ್ನಿಷ್ ಭಾಷೆಯ ‘ವೆರಿತುಲ್ಪ’ಕ್ಕೂ ಅದೇ ಅರ್ಥ. ಡೆನ್ಮಾರ್ಕಿನವರು ಹೃದಯಾಘಾತವನ್ನು ಕೂಡ ‘ಹೃದಯದಲ್ಲಿ ರಕ್ತದ ಬಿರಡೆ’ ಎಂದೇ ಹೇಳುತ್ತಾರೆ. ಪೋಲಿಷ್ ಭಾಷೆಯ ‘ಜಾತೋರ್’ ಇನ್ನೂ ಸೊಗಸು: ನದಿಯಲ್ಲಿ ಮಂಜುಗಡ್ಡೆ ಒಟ್ಟಾಗಿ ನೀರನ್ನು ತಡೆಯುವುದಕ್ಕೂ, ರಸ್ತೆಯಲ್ಲಿ ವಾಹನಗಳು ಸಿಕ್ಕಿಕೊಳ್ಳುವುದಕ್ಕೂ, ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ಅದೊಂದೇ ಪದ. ಅಲ್ಲಿನ ರೋಗಿಗೆ ಕಾಯಿಲೆಯ ಹೆಸರೇ ಕಾಯಿಲೆಯ ವಿವರಣೆ.

ಇಲ್ಲಿಯೂ ವೈದ್ಯರು ‘ರಕ್ತದ ಬಿರಡೆ’ ಎಂದು ಬಾಯಿಬಿಟ್ಟು ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಈ ಮಾತು ನಮ್ಮ ಆಯುರ್ವೇದದವರಿಗೂ ಸಲ್ಲುತ್ತದೆ. ‘ಸ್ರೋತೋರೋಧ’ ಎಂದು ಹೇಳಿ ಸುಮ್ಮನಾದರೆ ಸಾಲದು. ಅದು ಬಹಳ ವಿಶಾಲವಾದ ಪದ; ಅನೇಕ ವಿಧದ ತಡೆಗಳು ಅದರಲ್ಲಿ ಅಡಗಿವೆ. ಬಿರಡೆಯಾದರೋ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು.

ಅರ್ಥ ತಿಳಿದವರು ಒಂದು ಕೆಲಸವನ್ನಂತೂ ಮಾಡುವುದಿಲ್ಲ. ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯ ನಂತರ ಒಂದೇ ಕಾಲಿನ ಮೀನಖಂಡ ಬಾತು ನೋಯತೊಡಗಿದರೆ, ಅದಕ್ಕೆ ಎಣ್ಣೆ ಹಚ್ಚಿ ತಿಕ್ಕುವುದಿಲ್ಲ. ತಿಕ್ಕಿದರೆ ಬಿರಡೆ ಕಳಚೀತು. ಸದ್ಭಕ್ತರು ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಲಿ. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕ್ಷಣವೂ ಕಾಯದಿರಲಿ. ನಮ್ಮ ಕಷಾಯ, ಅಭ್ಯಂಗಗಳು ಆಮೇಲೆ, ಅಲ್ಲಿನ ವೈದ್ಯರನ್ನು ಕೇಳಿಕೊಂಡು.