ಒಳಗೆ ಯಾರು ನೋಡ್ತಾರೆ ಅಂತ ಕೇಳಿದವರಿಗೆ

(1/4)
ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುವವರ ಬಗ್ಗೆ ಹಾಕಿದ ಪೋಸ್ಟಿಗೆ ಬಂದ ಕಮೆಂಟುಗಳಲ್ಲಿ ಅರ್ಧ ಒಂದೇ ಮಾತು: "ರೆಕ್ಕೆಯ ಒಳಗೆ ಯಾಕೆ ಬಣ್ಣ? ಮುಚ್ಚಿದ ಮೇಲೆ ಯಾರು ನೋಡ್ತಾರೆ?" ಮಾರಾಯ್ರೇ, ಯಾರೂ ನೋಡುವುದಿಲ್ಲ ಅನ್ನುವುದೇ ಬಳಿಯಲು ಇರುವ ಕಾರಣ. ಹೊರಗೆ ಲೋಹ ಕೆಟ್ಟರೆ ಕಣ್ಣಿಗೆ ಬೀಳ್ತದೆ. ರಿವೆಟ್ ಹೊಡೆದು ಮುಚ್ಚಿದ ರೆಕ್ಕೆಯಲ್ಲಿ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲಿ ಪಸೆ ನಿಂತರೆ? ರಿವೆಟ್ ಕೊರೆದು ಬಿಚ್ಚಿಯೇ ನೋಡಬೇಕು. ಮಲ್ಪೆ ಕಡೆ ರೆಡ್ ಆಕ್ಸೈಡ್ ಹೊಡೆಯದೆ ಗೇಟಿಗೆ ಪೇಂಟ್ ಹಚ್ಚಿದವನನ್ನು ನೋಡಿ ನೀವೇ ನಗಾಡ್ತೀರಿ. ವಿಮಾನಕ್ಕೆ ಮಾತ್ರ ಯಾಕೆ ವಿನಾಯಿತಿ?

(2/4)
"ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಬ್ರೋ." ಕೆಂಪು ತುಕ್ಕು ಹಿಡಿಯುವುದಿಲ್ಲ, ಸರಿ. ಬಿಳಿ ಪುಡಿಯಾಗಿ ಸವೆಯುತ್ತದೆ. ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಕಿಟ್‌ಗಳಿಂದ ಜನ ಕಟ್ಟಿದ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. ಅವುಗಳ ಹೊದಿಕೆ ತಗಡು 2024 ಅನ್ನುವ ಮಿಶ್ರಲೋಹ, ಅದರಲ್ಲಿ ಸುಮಾರು 4% ತಾಮ್ರ ಉಂಟು. ಬಲ ಕೊಡುವುದು ಆ ತಾಮ್ರವೇ, ಸವೆತಕ್ಕೆ ದಾರಿ ಬಿಡುವುದೂ ಅದೇ. ಅದಕ್ಕೇ ಎರಡೂ ಬದಿ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಕೂರಿಸಿರುತ್ತಾರೆ, ಹೆಸರು ಆಲ್‌ಕ್ಲ್ಯಾಡ್. ಆದರೆ ಕತ್ತರಿಸಿದ ಅಂಚು, ಕೊರೆದ ತೂತು, ಆಳವಾದ ಗೀರು, ಇಲ್ಲೆಲ್ಲ ಒಳಲೋಹ ಹೊರಗೆ ಬಂತು. ಪಕ್ಕದ ಶುದ್ಧ ಪದರ ತಾನು ಸವೆದು ಸ್ವಲ್ಪ ಕಾಲ ಕಾಪಾಡ್ತದೆ, ನಿಜ. ಬಂಡವಾಳ ತಿಂದು ಬದುಕುವ ಅಂಗಡಿಯ ಹಾಗೆ. ಒಂದು ವಿಮಾನದಲ್ಲಿ ಇಂಥ ತೂತು ಸಾವಿರಾರು.

ಆಮೇಲೆ ಬರುವ ವಾದ: "ಹಳೇ ಸೆಸ್ನಾಗಳು ಒಳಗೆ ಪ್ರೈಮರ್ ಇಲ್ಲದೆಯೇ ಇನ್ನೂ ಹಾರ್ತಿವೆ." ಮುಚ್ಚಿಹೋದ ಮ್ಯೂಚುವಲ್ ಫಂಡುಗಳನ್ನು ಬಿಟ್ಟು ಉಳಿದವುಗಳ ಲಾಭ ತೋರಿಸುವವನನ್ನು ಕ್ಲಾಸಲ್ಲಿ ಏನಂತ ಬೈತೇವೆ? ಹಾರುತ್ತಿರುವವು ಮಾತ್ರ ನಿಮಗೆ ಕಾಣ್ತವೆ. ಗುಜರಿಗೆ ಹೋದವು ಕಮೆಂಟ್ ಹಾಕುವುದಿಲ್ಲ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಒಂದರ ಮುಂಭಾಗದ ಛಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಹೊರಗೆ ಸೆಳೆದುಹೋಗಿ ತೀರಿಕೊಂಡರು. ಅದು ದೊಡ್ಡ ವಿಮಾನ, ಒಳಗೆ ಗಾಳಿಯ ಒತ್ತಡ ತುಂಬಿದ್ದು, ಗ್ಯಾರೇಜ್ ವಿಮಾನಕ್ಕೆ ನೇರ ಹೋಲಿಕೆ ಅಲ್ಲ ಅಂತ ನನಗೂ ಗೊತ್ತುಂಟು. ಆದರೆ ಕೆಡುಕು ಶುರುವಾದದ್ದು ಎಲ್ಲಿ? ತಗಡು ತಗಡಿನ ಮೇಲೆ ಕೂತ ಜೋಡಣೆಯಲ್ಲೇ. ಅಂಟು ಬಿಟ್ಟಿತು, ಲೋಹ ಸವೆಯಿತು, ರಿವೆಟ್ ಸಾಲಿನಲ್ಲಿ ಬಿರುಕು ಬಿಟ್ಟಿತು.

(3/4)
"ತೂಕ ಹೆಚ್ಚಾಗ್ತದೆ." ಲೆಕ್ಕ ಹಾಕಿ. ಒಣಗಿದ ಎಪಾಕ್ಸಿ ಪ್ರೈಮರ್ ಪದರ 25 ಮೈಕ್ರಾನ್ ಅಂದರೆ ಚದರ ಮೀಟರಿಗೆ ಸುಮಾರು 40 ಗ್ರಾಂ. 50 ಚದರ ಮೀಟರ್ ಬಳಿದರೂ 2 ಕೆಜಿ, ಎರಡು ಲೀಟರ್ ನೀರಿನ ಬಾಟಲಿಯಷ್ಟು. ಅದರ ಮೇಲೆ ಫೋಟೋಗೆ ಚಂದ ಕಾಣಲಿ ಅಂತ ರೆಕ್ಕೆಯೊಳಗೂ ದಪ್ಪಗೆ ಹೊಳಪು ಪೇಂಟ್ ಹೊಡೆಯುವವರ ಪರ ನಾನಿಲ್ಲ. ಅದು ನಿಜಕ್ಕೂ ದಂಡದ ತೂಕ.

ಮಾಸ್ಕ್ ಇಲ್ಲದೆ ಸ್ಪ್ರೇ ಮಾಡುವ ರೀಲ್ಸಿಗೆ ಲೈಕ್ ಒತ್ತುವವರ ಮೇಲಂತೂ ನನಗೆ ಸಿಟ್ಟೇ ಉಂಟು. ಆ ಹಳದಿ-ಹಸಿರು ಝಿಂಕ್ ಕ್ರೋಮೇಟ್‌ನಲ್ಲಿರುವ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು. ಎರಡು ಡಬ್ಬ ಬೆರೆಸುವ ಪಾಲಿಯುರೆಥೇನ್ ಪೇಂಟಿನ ಐಸೊಸಯನೇಟ್ ಆಸ್ತಮಾ ಹಿಡಿಸ್ತದೆ, ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡವೇ ಬೇಕು. ಬಟ್ಟೆಯ ಮಾಸ್ಕ್ ಧೂಳಿಗೂ ಸಾಲದು. ವಿಮಾನ ಉಳಿಸಲು ಹೋಗಿ ಶ್ವಾಸಕೋಶ ಕೊಡಬೇಡಿ, ಕ್ರೋಮೇಟ್ ಇಲ್ಲದ ಪ್ರೈಮರ್ ಸಿಗ್ತದೆ.

(4/4)
ಒಣ ಮರುಭೂಮಿಯ ಹ್ಯಾಂಗರಿನಲ್ಲೇ ಇರುವ ವಿಮಾನವಾದರೆ ಆಲ್‌ಕ್ಲ್ಯಾಡ್ ತಗಡನ್ನು ಹಾಗೇ ಬಿಟ್ಟರೂ ನಡೆದೀತು, ಒಪ್ಪಿದೆ. ಆದರೆ ಪದರ ಇಲ್ಲದ ಭಾಗಗಳಿಗೆ, ಉಕ್ಕಿನ ಭಾಗಗಳಿಗೆ, ತಗಡು ತಗಡಿಗೆ ತಾಗುವ ಕಡೆ ಬಿಡಲೇಬಾರದು. ಎಣ್ಣೆ ಪಸೆ ತೆಗೆಯದೆ, ಸ್ಕಾಚ್‌ಬ್ರೈಟ್‌ನಲ್ಲಿ ಉಜ್ಜದೆ ಬಳಿದರೆ ಅದೂ ದಂಡ. ಟೇಪ್ ಅಂಟಿಸಿ ಕಿತ್ತರೆ ಪ್ರೈಮರ್ ಜೊತೆಗೇ ಎದ್ದು ಬರ್ತದೆ.

"ಅವನ ವಿಮಾನ, ಅವನ ದುಡ್ಡು" ಅಂದವರೇ, ಅವನು ಅದನ್ನು ಮಾರುವುದಿಲ್ಲವಾ? ಇಪ್ಪತ್ತು ವರ್ಷದ ನಂತರ ಕೊಳ್ಳುವವನಿಗೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಸಾಲ ಅದು. ಪಕ್ಕದ ಸೀಟಿನಲ್ಲಿ ಕೂರುವ ಗೆಳೆಯನಿಗೆ, ಇದು ಹವ್ಯಾಸಿ ಕಟ್ಟಿದ ವಿಮಾನ ಅಂತ ಎಚ್ಚರಿಸುವ ಫಲಕ ಕಾಕ್‌ಪಿಟ್‌ನಲ್ಲಿ ಇರ್ತದೆ, ಅಮೆರಿಕದಲ್ಲಿ ಅದು ಕಡ್ಡಾಯ. ರೆಕ್ಕೆಯೊಳಗೆ ಪ್ರೈಮರ್ ಉಂಟೋ ಇಲ್ಲವೋ ಅಂತ ಆ ಫಲಕದಲ್ಲಿ ಬರೆದಿರುವುದಿಲ್ಲ.